ಇನಾಸ ಕಾಕಾ ವಾರ ಇರಲೆಂದು ಬಂದದ್ದು

ಹೊಸ ಟವೆಲ್ಲನ್ನು ಚೀಲದಿಂದ ತೆಗೆದು ಕೊಡವಿದಾಗ ಒಂದು ವಾಸನೆ ಬರುತ್ತದಲ್ಲ, ಅರ್ಧ ಗಂಜಿಯದು, ಅರ್ಧ ಅಂಗಡಿಯ ಕಪಾಟಿನದು, ಅದು ಮೂಗಿಗೆ ಬಿದ್ದರೆ ಸಾಕು, ಇಳಕಲ್ಲಿನ ನಮ್ಮ ಮನೆಯ ಒಂದು ಮುಂಜಾನೆ ನನ್ನೆದುರು ಎದ್ದು ನಿಲ್ಲುತ್ತದೆ. ಈಗ ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ವರ್ಷಕ್ಕೊಮ್ಮೆ ನಮ್ಮ ಚರ್ಚಿನ ಸ್ವಾಮಿಗಳು ಮನೆ ಆಶೀರ್ವದಿಸಲು ಬರುತ್ತಾರೆ. ಈಗಿನವರು ತೀರ ಹುಡುಗರು, ಮೋಟರ್ ಸೈಕಲ್ಲಿನ ಮೇಲೆ ಬರುತ್ತಾರೆ, ಹೆಲ್ಮೆಟ್ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ. ಅವರು ಬರುವ ದಿನ ನಾನೂ ಕುರ್ಚಿಗೆ ಹೊಸ ಟವೆಲ್ ಹಾಸುತ್ತೇನೆ. ಈ ಸಲ ಹಾಸಬಾರದು ಎಂದು ಪ್ರತಿ ಸಲ ಅಂದುಕೊಳ್ಳುತ್ತೇನೆ, ಕೈ ನನ್ನ ಮಾತು ಕೇಳುವುದಿಲ್ಲ. ಹಾಸಿ, ಅಂಚು ಸರಿಮಾಡಿ, ಹಿಂದೆ ಸರಿದು ನಿಂತಾಗ ಆ ವಾಸನೆ ಬರುತ್ತದೆ. ಆಗ ನನಗೆ ಕಾಣುವುದು ಈ ಹುಡುಗ ಸ್ವಾಮಿಗಳಲ್ಲ, ನನ್ನ ಇನಾಸ ಕಾಕಾ.

ಆ ಮುಂಜಾನೆಯೂ ಬೇರೆ ಮುಂಜಾನೆಗಳ ಹಾಗೆಯೇ ಶುರುವಾಗಿತ್ತು. ನಮ್ಮದು ಮಣ್ಣಿನ ಮಾಳಿಗೆಯ ಮನೆ, ನೆಲಕ್ಕೆ ಊರಿನ ಕೆಂಪು ಕಲ್ಲು. ಬೆಳಕಿಂಡಿಯಿಂದ ಇಳಿಯುವ ಬಿಸಿಲು ಮೊದಲು ಗೋಡೆಯ ಮೇಲಿನ ಮಾತೆ ಮರಿಯಳ ಪಟಕ್ಕೆ ತಾಗಿ, ಆಮೇಲೆ ನಿಧಾನ ಜಾರಿ ನೆಲ ಮುಟ್ಟುತ್ತಿತ್ತು. ಅದು ನೆಲ ಮುಟ್ಟುವ ಹೊತ್ತಿಗೆ ನಾನು ಸಾಲೆಗೆ ಹೊರಡಬೇಕು ಎಂಬುದು ಮನೆಯ ಗಡಿಯಾರ. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಸದ್ದು, ಗೋಡೆಯಾಚೆ ನೀಲಕ್ಕನ ಮನೆಯ ಮಗ್ಗದ ಸದ್ದು. ಎರಡೂ ಒಮ್ಮೊಮ್ಮೆ ತಾಳ ಕೂಡಿ ಒಂದೇ ಆಗುತ್ತಿದ್ದವು, ಮತ್ತೆ ಬೇರೆಯಾಗುತ್ತಿದ್ದವು. ನೀಲಕ್ಕ ನೇಕಾರರ ಮನೆಯ ಹೆಣ್ಣುಮಗಳು. ಅಜ್ಜಿಗಿಂತ ಸಣ್ಣವಳು, ಅವ್ವನಿಗಿಂತ ದೊಡ್ಡವಳು, ಇಬ್ಬರಿಗೂ ಗೆಳತಿ. ಅಪ್ಪ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗೆ ಹೋಗುತ್ತಿದ್ದ. ಮುಖ ಎಷ್ಟು ತೊಳೆದರೂ ಅವನ ರೆಪ್ಪೆಗಳ ಮೇಲೆ ಕಲ್ಲಿನ ಪುಡಿ ಸಣ್ಣಗೆ ಕೂತೇ ಇರುತ್ತಿತ್ತು. ಅವತ್ತು ಮಾತ್ರ ಅವನು ಕೆಲಸಕ್ಕೆ ರಜೆ ಹಾಕಿದ್ದ, ನನ್ನನ್ನೂ ಸಾಲೆ ಬಿಡಿಸಿದ್ದರು. ಅಜ್ಜಿ ಪಡಸಾಲೆಯಲ್ಲಿ ಒಂದೇ ಒಂದು ಕುರ್ಚಿಯನ್ನು ಒರೆಸುತ್ತಿದ್ದಳು, ಒರೆಸಿದ್ದನ್ನೇ ಒರೆಸುತ್ತಿದ್ದಳು. ಆಮೇಲೆ ಹೊಸ ಟವೆಲ್ ಕೊಡವಿ ಹಾಸಿದಳು.

ನಾವು ಕ್ರೈಸ್ತರು. ಹಿರಿಯರು ಮುದಗಲ್ಲಿನ ಕಡೆಯಿಂದ ಬಂದವರು. ಆ ಕಡೆಯ ನಮ್ಮವರಿಗೆ ಕನ್ನಡ ಬಿಟ್ಟು ಬೇರೆ ಮಾತಿಲ್ಲ, ಹೆಸರುಗಳೂ ರಾಯಪ್ಪ, ಜ್ವಾಜಪ್ಪ, ಇನ್ನಾಸಪ್ಪ. ಅಜ್ಜಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ನನ್ನಪ್ಪ, ಕಿರಿಯವರು ಇನ್ನಾಸಪ್ಪ ಕಾಕಾ. ಅಪ್ಪನಿಗೆ ಏಕವಚನ, ಅವನ ತಮ್ಮನಿಗೆ ಬಹುವಚನ. ಇದನ್ನು ಬರೆಯುವಾಗಲೂ ಆ ರೂಢಿ ಬಿಟ್ಟುಹೋಗುತ್ತಿಲ್ಲ ನೋಡಿ. ಕಾಕಾ ಗುರುಗಳಾಗಲು ಸೆಮಿನರಿಗೆ ಹೋದದ್ದು ನಾನು ಹುಟ್ಟುವುದಕ್ಕಿಂತ ಮೊದಲು. ಬೇಸಿಗೆ ರಜೆಗೆ ಬಂದಾಗಿನ ಅವರ ಚಿತ್ರ ನನ್ನಲ್ಲಿ ತುಂಡುತುಂಡಾಗಿ ಉಳಿದಿದೆ. ಒಲೆಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಅವ್ವ ಹಂಚಿನಿಂದ ತೆಗೆದ ರೊಟ್ಟಿಯನ್ನು ಈ ಕೈಯಿಂದ ಆ ಕೈಗೆ ಹಾರಿಸುತ್ತ ಊದುತ್ತಿದ್ದರು. ಅಪ್ಪ ಮತ್ತು ಅವರು ಅಂಗಳದಲ್ಲಿ ಕುಸ್ತಿ ಹಿಡಿದು ಅಜ್ಜಿಯ ಕೊಡ ಒಡೆದಿದ್ದರು, ಅಜ್ಜಿ ಕಸಬರಿಗೆ ಹಿಡಿದು "ಇನಾಸ್ಯಾ, ನಿಲ್ಲೋ ಭಾಡ್ಯಾ" ಎಂದು ಓಣಿಯ ತುದಿಯವರೆಗೆ ಅಟ್ಟಿಸಿಕೊಂಡು ಹೋಗಿದ್ದಳು. ಓಣಿಗೆ ಓಣಿಯೇ ಕಟ್ಟೆಯ ಮೇಲೆ ಬಂದು ನಿಂತು ನೋಡಿತ್ತು.

ಗುರುದೀಕ್ಷೆಯ ದಿನ ಬಿಷಪ್ಪರು ಕಾಕಾನ ಅಂಗೈಗಳಿಗೆ ಪವಿತ್ರ ತೈಲ ಹಚ್ಚಿ ಬಿಳಿಯ ಬಟ್ಟೆಯಿಂದ ಕೈ ಕಟ್ಟಿದರು. ಆ ಬಟ್ಟೆಯನ್ನು ಬಿಚ್ಚಿ ತಾಯಿಗೆ ಕೊಡುವುದು ನಮ್ಮಲ್ಲಿ ಪದ್ಧತಿ. ಅವಳು ತೀರಿಕೊಂಡ ದಿನ ಅದನ್ನು ಅವಳ ಕೈಗೆ ಸುತ್ತಿ ಕಳಿಸುತ್ತಾರೆ, ಮೇಲೆ ಹೋದಾಗ 'ನಾನೊಬ್ಬ ಗುರುವಿನ ತಾಯಿ' ಎಂದು ತೋರಿಸಲಿಕ್ಕೆ. ಅಜ್ಜಿ ಅದನ್ನು ಮಡಚಿ ತನ್ನ ಧಾರೆಯ ಸೀರೆಯ ಒಳಗಿಟ್ಟಳು. ಕಾಕಾ ಊರಿಗೆ ಬಂದಾಗ ಬಸ್ ಸ್ಟ್ಯಾಂಡಿನಿಂದ ಮನೆಯವರೆಗೆ ಬ್ಯಾಂಡು ಬಾರಿಸಿ ಕರೆತಂದರು. ಹೊಸ್ತಿಲಲ್ಲಿ ಅಜ್ಜಿ ಮಗನ ಕಾಲು ತೊಳೆದು, ಅಂಗೈಗಳಿಗೆ ಮುತ್ತಿಟ್ಟಳು. ಆಗ ಸಮುದಾಯದ ಹಿರಿಯರೊಬ್ಬರು ಎಲ್ಲರಿಗೂ ಕೇಳುವಂತೆ ಹೇಳಿದರು: "ಇವತ್ತಿನಿಂದ ಇವರು ನಿನ್ನ ಮಗಾ ಅಲ್ಲಬೇ. ಎಲ್ಲಾರ ಸ್ವಾಮಿಗಳು." ಆ ಮಾತನ್ನು ಅವರು ಸಂಭ್ರಮದಲ್ಲಿ ಆಡಿದ್ದರು, ಇಂಥ ಹೊತ್ತಿನಲ್ಲಿ ಎಲ್ಲರೂ ಆಡುವ ಮಾತು ಅದು. ಉಳಿದವರು ಕೇಳಿ ಮರೆತರು. ಅಜ್ಜಿ ಮರೆಯಲಿಲ್ಲ. ಆ ದಿನದಿಂದ ಅವಳ ಬಾಯಲ್ಲಿ ಇನಾಸ್ಯಾ ಎಂಬ ಹೆಸರು ನಾನು ಕೇಳಲಿಲ್ಲ. ಸ್ವಾಮಿ ಎಂದಳು, ನೀವು ಎಂದಳು, ರಿ ಹಚ್ಚಿದಳು. ಅವರಿಗೆ ಬೇರೆ ತಾಟು, ಬೇರೆ ಲೋಟ. ಅವರು ಬಂದರೆ ಅವ್ವ ತಲೆ ಮೇಲೆ ಸೆರಗು ಹೊದ್ದು ಗೋಡೆಗೆ ನಿಲ್ಲುವಳು, ಅಪ್ಪ ಕೈ ಕಟ್ಟುವನು. ನನಗೂ ಕಾಕಾ ಅನ್ನಬಾರದು, ಫಾದರ್ ಅನ್ನಬೇಕು ಎಂದು ಕಲಿಸಿದರು. ಪ್ರೀತಿ ಕಡಿಮೆಯಾಗಿ ಹೀಗೆ ಮಾಡಲಿಲ್ಲ. ಪ್ರೀತಿ ಜಾಸ್ತಿಯಾಗಿಯೇ ಹೀಗೆ ಮಾಡಿದರು. 

ನಾನು ಹೇಳುತ್ತಿರುವ ಮುಂಜಾನೆಯ ಹಿಂದಿನ ಸಂಜೆ ಕಾಕಾ ಬಂದಿದ್ದರು. ಯಾವತ್ತಿನ ಬಿಳಿ ನಿಲುವಂಗಿ ಇರಲಿಲ್ಲ, ಸಾದಾ ಶರ್ಟು, ಪ್ಯಾಂಟು. ಬೆಳಗಾವಿಯಾಚೆ ಕಾಡಂಚಿನ ಒಂದು ಹಳ್ಳಿಯ ಚರ್ಚಿಗೆ ಅವರನ್ನು ಕಳಿಸಿ ಬಹಳ ದಿನ ಆಗಿರಲಿಲ್ಲ. ಅಷ್ಟರಲ್ಲೇ ಕೊರಳಿನ ಎಲುಬು ಎದ್ದು ಕಾಣುವಷ್ಟು ಸೊರಗಿದ್ದರು. ಚಪ್ಪಲಿಯ ಉಂಗುಟಕ್ಕೆ ದಾರ ಕಟ್ಟಿದ್ದರು. ನನಗೆ ಅಮೀನಗಡದ ಕರದಂಟಿನ ಪೊಟ್ಟಣ ಕೊಟ್ಟು, ಕಟ್ಟೆಯ ಮೇಲೆ ಕೂತು, ಅಜ್ಜಿಗೆ ಹೇಳಿದರು:

"ಯವ್ವಾ, ಈ ಸಲ ನಾ ಒಂದ ವಾರ ಇರ್ತೇನಿ. ಬಿಷಪ್ಪರನ್ನ ಕೇಳಿ ರಜಾ ತಗೊಂಡ ಬಂದೇನಿ. ನನ್ನ ಸಲುವಾಗಿ ಏನೂ ಮಾಡಬ್ಯಾಡ್ರಿ. ಸ್ವಾಮಿ ಆಗಿ ಬಂದಿಲ್ಲ ನಾ, ಸುಮ್ಮ ಮನಿಗೆ ಬಂದೇನಿ."

"ಅದೆಂಥಾ ಮಾತ್ರಿ ಸ್ವಾಮಿ," ಎಂದಳು ಅಜ್ಜಿ, ಖುಷಿಯಿಂದ ಕೈಮುಗಿದು. "ನಮ್ಮನಿಗೆ ವಾರಗಟ್ಟಲೆ ದೇವರ ಬಂದು ಕುಂತಂಗಾತು."

ಆ ಒಂದು ವಾರ ಅವರಿಗೆ ಎಷ್ಟು ಬೇಕಾಗಿತ್ತು ಎಂಬುದು ನಮಗ್ಯಾರಿಗೂ ಹೊಳೆಯಲಿಲ್ಲ. ಮುಂಜಾನೆ ಎದ್ದವರೇ ಲುಂಗಿ ಒಗೆದು ಹಿತ್ತಲ ಹಗ್ಗಕ್ಕೆ ಹಾಕಿದರು. ಚೀಲದಲ್ಲಿದ್ದ ಅಂಗಿಗಳನ್ನೆಲ್ಲ ತೆಗೆದು ಮೊಳೆಗಳಿಗೆ ನೇತುಹಾಕಿದರು, ಇಲ್ಲಿಯೇ ಇರುವವರ ಹಾಗೆ. ಆಮೇಲೆ ಕೊಡ ಎತ್ತಿಕೊಂಡು ಓಣಿಯ ಬೋರಿಂಗಿಗೆ ಹೊರಟರು. ಎರಡು ಹೆಜ್ಜೆ ಹೋಗಿದ್ದರೋ ಇಲ್ಲವೋ, ಅಜ್ಜಿ ಬರಿಗಾಲಲ್ಲಿ ಓಡಿಹೋಗಿ ಕೊಡ ಕಸಿದಳು. "ಬಿಡ್ರಿ, ಬಿಡ್ರಿ! ಪೂಜಿ ಮಾಡೋ ಕೈ ಅವು. ಮಂದಿ ನೋಡಿದ್ರ ನನ್ನ ಮಾರಿಗೆ ಉಗುಳ್ತಾರ." ಕಾಕಾ ಖಾಲಿ ಕೈಗಳನ್ನು ಒಮ್ಮೆ ನೋಡಿಕೊಂಡು ಒಳಗೆ ಬಂದು, ಸೀದಾ ಅಡುಗೆಮನೆಗೆ ಹೋಗಿ ಒಲೆಯ ಪಕ್ಕ ಕೂತರು.

"ವೈನಿ, ಒಂದ ಬಿಸಿ ರೊಟ್ಟಿ ಒಗೀರಿ. ಎಣ್ಣಿ, ಶೇಂಗಾ ಹಿಂಡಿ ಹಚ್ಚಿ."

ಅವ್ವ ಹಿಟ್ಟಿನ ಕೈಯಲ್ಲೇ ದಡಕ್ಕನೆ ಎದ್ದು ನಿಂತಳು. ಸೆರಗು ಎಳೆದುಕೊಳ್ಳಲು ಹೋಗಿ ತಲೆಯ ಮೇಲೆಲ್ಲ ಜೋಳದ ಹಿಟ್ಟು ಮಾಡಿಕೊಂಡಳು. "ಇಲ್ಲಿ ಹೊಗಿ ಭಾಳ ಐತ್ರಿ ಫಾದರ್. ಹೊರಗ ಕುರ್ಚಿ ಹಾಕೇವ್ರಿ."

"ಈ ಒಲಿ ಹೊಗಿ ನನಗ ಹೊಸಾದೇನ್ರಿ? ನೀವು ಈ ಮನಿಗೆ ಬರೂಕಿಂತ ಮೊದಲ ಕುಡದೇನಿ ಅದನ್ನ. ಕುಂದರ್ರಿ, ಬಡೀರಿ."

ಅವ್ವ ಕೂರಲಿಲ್ಲ. ಸ್ವಾಮಿಗಳು ನೆಲದ ಮೇಲಿರುವಾಗ ಕೂರುವುದು ಹೇಗೆ, ನಿಂತು ರೊಟ್ಟಿ ಬಡಿಯುವುದು ಹೇಗೆ? ಅವಳು ಗೋಡೆಗೆ ಬೆನ್ನು ಹಚ್ಚಿ ನಿಂತೇ ಇದ್ದಳು, ಹಂಚಿನ ಮೇಲಿನ ರೊಟ್ಟಿ ಹೊತ್ತತೊಡಗಿತು. ಅದರ ಕಮಟು ಅಡುಗೆಮನೆ ತುಂಬಿತು. ಕಾಕಾ ಬೆರಳಿನಿಂದ ಅದನ್ನು ಹಂಚಿನಿಂದ ಎತ್ತಿ ಪಕ್ಕಕ್ಕಿಟ್ಟು, "ನಾ ಎದ್ದ ಹೋಗತನಕಾ ನಿಮ್ಮ ಕೆಲಸ ಸಾಗಂಗಿಲ್ಲ" ಎಂದು ಎದ್ದರು. ದನಿಯಲ್ಲಿ ಸಿಟ್ಟಿರಲಿಲ್ಲ. ಬೆರಳ ತುದಿ ಸುಟ್ಟಿತ್ತೇನೋ, ಬಾಯಲ್ಲಿಟ್ಟುಕೊಂಡು ಹೋಗಿ ಕುರ್ಚಿಯಲ್ಲಿ ಕೂತರು.

ಗುರುಗಳು ಮುಂಜಾನೆ ಬ್ರೆಡ್ಡು ತಿನ್ನುತ್ತಾರೆ ಎಂದು ಅಜ್ಜಿಗೆ ಯಾರೋ ಹೇಳಿದ್ದರು. ಅದಕ್ಕೆ ಅಪ್ಪ ಬೇಕರಿಯಿಂದ ಬ್ರೆಡ್ಡು, ಜಾಮಿನ ಸಣ್ಣ ಬಾಟಲಿ ತಂದಿಟ್ಟಿದ್ದ. ನಮ್ಮ ಮನೆಗೆ ಜಾಮು ಬಂದದ್ದು ಅದೇ ಮೊದಲು. ಅವರು ಕುರ್ಚಿಯಲ್ಲಿ ಬ್ರೆಡ್ಡು ಹಿಡಿದು ಕೂತರು, ನಾನು ಬಾಗಿಲ ಬದಿಯಲ್ಲಿ ನೆಲಕ್ಕೆ ಕೂತು ರೊಟ್ಟಿ ತಿನ್ನುತ್ತಿದ್ದೆ. ಅಜ್ಜಿ ಒಳಗೆ ಹೋದದ್ದೇ ತಡ, ಕಾಕಾ ಬಗ್ಗಿ ಪಿಸುಗುಟ್ಟಿದರು: "ಏ ಪುಟ್ಟಿ, ಅರ್ಧಾ ರೊಟ್ಟಿ ಕೊಟ್ರ ಈ ಜಾಮ್ ಎಲ್ಲಾ ನಿಂದು." ನಾನು ರೊಟ್ಟಿ ಚಾಚಿದೆ. ಅವರ ಕೈ ಇನ್ನೇನು ಮುಟ್ಟಬೇಕು, ಅಜ್ಜಿ ಬಂದು ಬಿಟ್ಟಳು. "ಅಯ್ಯಯ್ಯ, ಎಂಜಲ ಐತ್ರಿ ಅದು!" ರೊಟ್ಟಿ ನನ್ನ ತಾಟಿಗೆ ವಾಪಸು ಬಿತ್ತು. ಕಾಕಾ ನನ್ನ ಕಡೆ ನೋಡಿ, ವ್ಯಾಪಾರ ಮುರಿದುಬಿತ್ತು ಎನ್ನುವ ಹಾಗೆ ಹುಬ್ಬು ಹಾರಿಸಿ, ಬ್ರೆಡ್ಡಿನ ಅಂಚನ್ನು ಇಲಿಯಂತೆ ಕಡಿಯತೊಡಗಿದರು.

ಆಮೇಲೆ ಜನ ಬರತೊಡಗಿದರು. ಅಜ್ಜಿ ನಸುಕಿನಲ್ಲೇ ಹೇಳಿ ಕಳಿಸಿದ್ದಳು. ಚೀಲದ ತಳದಿಂದ ಬಿಳಿ ನಿಲುವಂಗಿಯನ್ನು ಹುಡುಕಿ ತೆಗೆದು, ಕೈಯಲ್ಲೇ ಸುಕ್ಕು ತೀಡಿ, ಅವರೆದುರು ಹಿಡಿದು ನಿಂತಳು. ಅವರು ಅವಳ ಮುಖ ನೋಡಿದರು, ಅಂಗಿ ತೊಟ್ಟುಕೊಂಡರು. ಎಣ್ಣೆ ಬಾಟಲಿ ತಂದವರು, ಉಪ್ಪು ತಂದವರು, ಜ್ವರದ ಕೂಸು ತಂದವರು, ಗಂಡನ ಕುಡಿತ ಬಿಡಿಸಲು ಪ್ರಾರ್ಥನೆ ಕೇಳಿ ಹುನಗುಂದದಿಂದ ಬಂದ ಒಬ್ಬ ಹೆಣ್ಣುಮಗಳು. ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟು, ಒಬ್ಬೊಬ್ಬರ ಮಾತೂ ಕೇಳಿದರು. ನಮ್ಮ ಸಾಲೆಯ ಸಿಸ್ಟರುಗಳು ಪೂಜೆಯ ಹೊತ್ತಿಗೆ ಮುಖ ಹೇಗಿಟ್ಟುಕೊಳ್ಳುತ್ತಿದ್ದರೋ ಹಾಗೆ ಅವರ ಮುಖವೂ ಆಗಿತ್ತು. ಶಾಂತ, ದಯೆಯುಳ್ಳದ್ದು, ಎಲ್ಲರಿಗೂ ಸಮನಾಗಿ ಹಂಚಿದ್ದು. ನಡುವೆ ಬಾಗಿಲಲ್ಲಿ ನೀಲಕ್ಕ ಕಂಡಳು, ಕೈಯಲ್ಲಿ ನೂಲಿನ ಬುಟ್ಟಿ.

"ಏನಬೇ, ಮಗಾ ಬಂದಾನಂತಿ, ಎಲ್ಲದಾನ? ಇಲ್ಲಿ ದವಾಖಾನಿ ಪಾಳಿ ಹಚ್ಚಿಯಲ್ಲ."

"ಸುಮ್ಮಕಿರ ನೀಲವ್ವ, ಸ್ವಾಮಿಗಳ ಕಿವಿಗೆ ಬಿದ್ದೀತು," ಎಂದಳು ಅಜ್ಜಿ.

"ಬಿತ್ತು ಬಿಡ್ರಿ ನೀಲಕ್ಕಾ," ಕಾಕಾ ಒಳಗಿನಿಂದಲೇ ಕೂಗಿದರು. "ನಿಮಗೂ ಒಂದ ಮಂತ್ರಾ ಹಾಕ್ಲೇನು?"

"ನನಗ ಮಂತ್ರಾ ಬ್ಯಾಡಪಾ, ನೀನ ನಮ್ಮನಿಗೆ ಚಾಕ್ಕ ಬಾ. ಸಕ್ಕರಿ ಜಾಸ್ತಿ ಹಾಕ್ತೇನಿ, ಕಡ್ಡಿ ಆಗೀದಿ ನೋಡ ಹ್ಯಾಂಗ!"

ಕಾಕಾ ಅರ್ಧ ಎದ್ದಿದ್ದರು. ಅಷ್ಟರಲ್ಲಿ ಮತ್ತೊಬ್ಬಾಕೆ ಎಣ್ಣೆ ಬಾಟಲಿ ಹಿಡಿದು ಕಾಲಿಗೆ ಬಿದ್ದಳು, ಅವರು ಮತ್ತೆ ಕೂತರು. ನೀಲಕ್ಕ ಸ್ವಲ್ಪ ಹೊತ್ತು ನಿಂತು ನೋಡಿ ಮಗ್ಗಕ್ಕೆ ಹೋದಳು.

ಮಂದಿ ಕರಗಿದ ಮೇಲೆ ಕಾಕಾ ಅಪ್ಪನನ್ನು ಕರೆದರು. ಸಣ್ಣವರಿದ್ದಾಗ ಇಬ್ಬರೂ ಊರ ಹೊರಗಿನ ಹಳ್ಳಕ್ಕೆ ಈಜಲು ಹೋಗುತ್ತಿದ್ದರಂತೆ. "ಅಣ್ಣಾ, ಹಳ್ಳದ ಕಡೆ ಹಿಂಗ ಹೋಗಿ ಹಂಗ ಬರೂಣು ನಡಿ. ನಿನ್ನ ಜೋಡಿ ಒಂದೀಟ ಮಾತಾಡೂದೈತಿ." ಅಪ್ಪ ಕೈ ಕಟ್ಟಿಕೊಂಡೇ ಇದ್ದ. "ಬಿಸಲ ಭಾಳ ಐತ್ರಿ. ಆಟೋ ಹೇಳ್ಲೇನ್ರಿ?"

"ಆಟೋದಾಗ ಕುಂತು ಹಳ್ಳ ನೋಡಾಕ ಹೋಗೂದೇನೋ ಅಣ್ಣಾ?"

ಈ ಮಾತಿಗೆ ಅಪ್ಪ ನಗಬೇಕಿತ್ತು. ನಗಲು ಅವನಿಗೆ ಧೈರ್ಯ ಸಾಲಲಿಲ್ಲ. ಹೆಬ್ಬೆರಳಿನಿಂದ ಕೆಂಪು ಕಲ್ಲಿನ ಸಂದಿಯನ್ನು ಕೆದಕುತ್ತ ನಿಂತ. ಜಗತ್ತಿನಲ್ಲಿ ಅಪ್ಪ ಅಷ್ಟು ಪ್ರೀತಿಸಿದ ಗಂಡಸು ಇನ್ನೊಬ್ಬರಿರಲಿಲ್ಲ ಎಂದು ಈಗ ನನಗೆ ಗೊತ್ತು. ಆ ಪ್ರೀತಿಯನ್ನು ಯಾವ ಮುಖದಲ್ಲಿ ತೋರಿಸಬೇಕೆಂಬುದು ಮಾತ್ರ ಅವನಿಗೆ ಮರೆತುಹೋಗಿತ್ತು. ಕಾಕಾ "ಹೋಗ್ಲಿ ಬಿಡು" ಎಂದರು.

ಮಧ್ಯಾಹ್ನ ಊಟವಾಗಿ ಮನೆ ತಣ್ಣಗಾಗಿತ್ತು. ಅಪ್ಪ ಯಾರನ್ನೋ ನೋಡಲು ಹೋಗಿದ್ದ, ಅವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನಾನೂ ಅಜ್ಜಿಯೂ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದೆವು. ಗೋಡೆಯಾಚೆ ಮಗ್ಗವೂ ಊಟಕ್ಕೆ ನಿಂತಿತ್ತು. ಕಾಕಾ ಕುರ್ಚಿಯಿಂದ ಮೆಲ್ಲಗೆ ಜಾರಿ ನೆಲಕ್ಕೆ ಕೂತರು, ಅಜ್ಜಿಯ ಮುಂದಿದ್ದ ರಾಶಿಗೆ ಕೈ ಹಾಕಿ ಒಂದು ಶೇಂಗಾ ಒಡೆದರು. ಅಜ್ಜಿ ಹಿಂದೆ ಹಿಂದೆ ಸರಿದಳು. ಅವರು ತಲೆ ಎತ್ತಲಿಲ್ಲ, ಕೈಯೊಳಗಿನ ಸಿಪ್ಪೆಯೊಂದಿಗೆ ಮಾತಾಡುವವರ ಹಾಗೆ ಹೇಳಿದರು:

"ಯವ್ವಾ, ನನಗ ಅಲ್ಲಿ ನೆಲಿ ಹತ್ತವಲ್ದು. ಊರಾಗ ಎರಡ ಪಾರ್ಟಿ ಆಗ್ಯಾವು. ಒಬ್ಬರ ಮನ್ಯಾಗ ನೀರ ಕುಡದ್ರ ಇನ್ನೊಬ್ಬರು ಪೂಜಿಗೆ ಬರಂಗಿಲ್ಲ. ಅದಕ್ಕ ಯಾರ ಮನಿಗೂ ಹೋಗೂದ ಬಿಟ್ಟೇನಿ. ಸಂಜಿಮುಂದ ಬಾಗಿಲಾ ಹಾಕ್ಕೊಂಡ್ರ ಒಬ್ಬರದೂ ಧ್ವನಿ ಇಲ್ಲ. ಮಂದಿ ಕಷ್ಟ ಎಲ್ಲಾ ಬಂದ್ ನನ್ನ ಕಿವ್ಯಾಗ ಬೀಳ್ತಾವು, ನನ್ನದು ಎಲ್ಲಿ ಹಾಕ್ಲಿ? ಒಮ್ಮೊಮ್ಮೆ ಅನಸ್ತೈತಿ..."

"ನೀವು ನಮಗ ಹೇಳಾವ್ರು ಸ್ವಾಮಿ," ಅಜ್ಜಿ ಅವರ ಮಾತನ್ನು ಅಲ್ಲಿಯೇ ತಡೆದಳು. "ನಾವು ಓದು ಬಾರದಾವ್ರು, ನಿಮಗ ಏನ ಹೇಳೂಣ್ರಿ? ದೇವರ ಅದಾನ್ರಿ ನಿಮ್ಮ ಜೋಡಿ."

"ಹೇಳು ಅನ್ನಾಕತ್ತಿಲ್ಲಬೇ. ಕೇಳು ಅನ್ನಾಕತ್ತೇನಿ."

ಅಜ್ಜಿ ಸುಲಿದ ಶೇಂಗಾವನ್ನು ಸಿಪ್ಪೆಯ ರಾಶಿಗೆ ಹಾಕಿದಳು. ಅವಳಿಗೆ ಅವರ ಸಂಕಟ ಕಾಣಲಿಲ್ಲ ಎಂದಲ್ಲ. 'ಅನಸ್ತೈತಿ' ಎಂಬುದರ ಮುಂದೆ ಏನು ಬರುವುದೋ ಎಂಬ ಭಯ ಅದು. ನಮ್ಮ ಕಡೆಯ ಗುರುಗಳೊಬ್ಬರು ಹಿಂದೆ ನಿಲುವಂಗಿ ಬಿಟ್ಟು ಮನೆಗೆ ಬಂದಿದ್ದರು, ಅವರ ತಾಯಿ ಸಾಯುವತನಕ ಚರ್ಚಿನ ಕೊನೆಯ ಸಾಲಿನಲ್ಲಿ ಕೂರುತ್ತಿದ್ದಳು. ಕಾಕಾ ಇನ್ನಷ್ಟು ಹತ್ತಿರ ಸರಿದು, ತೀರ ಮೆಲ್ಲಗೆ, "ಒಂದೀಟ ತಲಿಮ್ಯಾಲ ಕೈ ಇಡಬೇ" ಎಂದು ತಲೆ ಬಗ್ಗಿಸಿದರು. ನೆತ್ತಿಯಲ್ಲಿ ಕೂದಲು ತೆಳ್ಳಗಾದದ್ದು ನನಗೆ ಆಗ ಕಂಡಿತು. ಅಜ್ಜಿಯ ಕೈ ಎದ್ದಿತು. ನಾನು ನೋಡಿದ್ದೇನೆ, ಎದ್ದಿತು. ಅರ್ಧಕ್ಕೆ ಹೋಗಿ, ಅಲ್ಲಿಂದ ತಿರುಗಿ ಬಂದು, ಇನ್ನೊಂದು ಕೈಯನ್ನು ಕೂಡಿ ಜೋಡಿಸಿಕೊಂಡಿತು. ಅವಳು ಸೆರಗು ಎಳೆದುಕೊಂಡು ಮೊಣಕಾಲೂರಿ, ಮಗನೆದುರು ತಾನೇ ತಲೆ ಬಾಗಿಸಿದಳು. "ನೀವ ನನಗ ಆಶೀರ್ವಾದ ಮಾಡ್ರಿ ಸ್ವಾಮಿ."

ತಾಯಿ ಮಗ ಇಬ್ಬರೂ ಹಾಗೆ ಎದುರುಬದುರು ತಲೆ ತಗ್ಗಿಸಿ ಕೂತಿದ್ದರು, ನಡುವೆ ಶೇಂಗಾ ಸಿಪ್ಪೆಯ ರಾಶಿ. ಕೊನೆಗೆ ಕಾಕಾ ತಲೆ ಎತ್ತಿದರು. ಮುಂಜಾನೆ ಎಲ್ಲರಿಗೂ ಹಂಚಿದ ಅದೇ ಮುಖ, ಅದೇ ದನಿ. ಅವಳ ತಲೆಯ ಮೇಲೆ ಕೈಯಿಟ್ಟು, ಪಿತನ, ಸುತನ, ಪವಿತ್ರಾತ್ಮನ ನಾಮದಲ್ಲಿ ಎಂದು ಆಶೀರ್ವದಿಸಿದರು.

ಸ್ವಲ್ಪ ಹೊತ್ತಿಗೆಲ್ಲ ಅವರು ಮೊಳೆಗಳಿಂದ ಅಂಗಿಗಳನ್ನು ತೆಗೆಯತೊಡಗಿದರು. ಧಾರವಾಡದಲ್ಲಿ ಒಂದು ಮೀಟಿಂಗ್ ಇದೆ, ಮರೆತೇಬಿಟ್ಟಿದ್ದೆ ಎಂದರು. ಹಗ್ಗದ ಮೇಲಿನ ಲುಂಗಿಯ ಅಂಚು ಇನ್ನೂ ಹಸಿ. ಅದನ್ನು ಹಾಗೆಯೇ ಮಡಚಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡರು. ಯಾರೂ ತಡೆಯಲಿಲ್ಲ, ಸ್ವಾಮಿಗಳನ್ನು ತಡೆಯುವುದು ಹೇಗೆ? ಅಪ್ಪ ಆಟೋ ತಂದ. ಓಣಿಯವರು ಸಾಲಾಗಿ ನಿಂತು ಕೈಮುಗಿದರು. ಕಾಕಾ ನನ್ನ ಗಲ್ಲ ಹಿಂಡಿ, "ಜಾಮ್ ನಿನಗ ಬಿಟ್ಟೇನಿ" ಎಂದು ಆಟೋ ಹತ್ತಿದರು. ಬಿಳಿ ನಿಲುವಂಗಿಯ ಅಂಚು ಹೊರಗೆ ಜೋಲುತ್ತಿತ್ತು, ಅಪ್ಪ ಓಡಿಹೋಗಿ ಅದನ್ನು ಎತ್ತಿ ಒಳಗಿಟ್ಟ. ಅವತ್ತು ಅಪ್ಪ ತಮ್ಮನಿಗೆ ಅಷ್ಟು ಹತ್ತಿರ ಹೋದದ್ದು ಅದೊಂದೇ ಸಲ.

ಕಾಕಾ ನಿಲುವಂಗಿ ಬಿಡಲಿಲ್ಲ. ಒಳ್ಳೆಯ ಗುರುಗಳೆಂದು ಹೆಸರಾದರು. ಬಾದಾಮಿ ಕಡೆ, ಆಮೇಲೆ ಇನ್ನೂ ದೂರ, ಕಳಿಸಿದಲ್ಲಿಗೆ ಹೋದರು. ಮನೆಗೆ ಬಂದರೆ ಗಂಟೆಯ ಮಟ್ಟಿಗೆ, ಯಾವುದೋ ಮದುವೆಗೆ, ಯಾರದೋ ಮಣ್ಣಿಗೆ. ಹಾಸಿಗೆ ಹಾಸಿ ಮಲಗಿದ್ದು ಅದೇ ಕೊನೆ. ಅಜ್ಜಿ ತೀರಿಕೊಂಡಾಗ ಪೂಜೆ ಅರ್ಪಿಸಿದವರು ಅವರೇ. ನಾವೆಲ್ಲ ಬಾಯಿ ಬಿಟ್ಟು ಅತ್ತೆವು, ಅವರು ಪುಸ್ತಕ ನೋಡಿ ಓದುತ್ತಿದ್ದರು, ದನಿ ಎಲ್ಲೂ ತಡವರಿಸಲಿಲ್ಲ. ಆ ತೈಲದ ಬಟ್ಟೆಯನ್ನು ಅವಳ ಕೈಗಳಿಗೆ ತಾವೇ ಸುತ್ತಿದರು. ಸುತ್ತಿದ ಮೇಲೆ ಬೇಗ ಕೈ ತೆಗೆಯಲಿಲ್ಲ, ಪಕ್ಕದಲ್ಲಿದ್ದ ಇನ್ನೊಬ್ಬ ಗುರುಗಳು ಭುಜ ಮುಟ್ಟಬೇಕಾಯಿತು. ಮುಂದೆ ಕೆಲವು ವರ್ಷಕ್ಕೆ ಅವರೂ ಹೋದರು, ದೂರದ ಆಸ್ಪತ್ರೆಯೊಂದರಲ್ಲಿ. ನಾವು ಮುಟ್ಟುವ ಹೊತ್ತಿಗೆ ಎಲ್ಲ ಸಿದ್ಧವಾಗಿತ್ತು. ಗುರುಗಳ ನಡುವೆ ಗುರುಗಳ ಹಾಗೆ ಮಲಗಿಸಿದ್ದರು, ಮನೆಯವರು ಎಲ್ಲಿ ನಿಲ್ಲಬೇಕೆಂದು ಅಪ್ಪ ಯಾರನ್ನೋ ಕೇಳುತ್ತಿದ್ದ. ನನಗೆ ಪಾಠ ಹೇಳಿದ್ದ ವಯಸ್ಸಾದ ಸಿಸ್ಟರೊಬ್ಬರು ಆಗ ನನ್ನ ಕೈಹಿಡಿದು, "ಗುರುಗಳಿಗೆ ಪ್ರಾರ್ಥಿಸುವವರು ಸಾವಿರ ಮಂದಿ ಸಿಗುತ್ತಾರಮ್ಮ, ಬೈಯುವವರು ಸಿಗುವುದಿಲ್ಲ" ಎಂದಿದ್ದರು. ಇಳಕಲ್ಲಿನ ಆ ಮನೆಯೂ ಈಗ ಇಲ್ಲ. ಮಾಳಿಗೆ ಇಳಿಸಿ, ಕೆಂಪು ಕಲ್ಲು ಕಿತ್ತು, ಅಲ್ಲೀಗ ಮೊಬೈಲ್ ಅಂಗಡಿಯಾಗಿದೆ. ಅದರ ಮುಂದೆ ಹಾಯುವಾಗ ನಾನು ತಲೆ ಎತ್ತಿ ನೋಡುವುದಿಲ್ಲ. ನಿಮ್ಮ ಮನೆತನದಲ್ಲೂ ಇಂಥ ಒಬ್ಬರಿದ್ದಿರಬಹುದು, ಎತ್ತರಕ್ಕೆ ಕೂರಿಸಿ ದೂರ ಮಾಡಿಕೊಂಡವರು. ಇದ್ದರೆ ನಿಮಗೆ ಹೆಚ್ಚು ಹೇಳಬೇಕಾಗಿಲ್ಲ.

ಆದರೆ ಆ ದಿನದ ಸಂಜೆ ನಮ್ಮ ಮನೆಯಲ್ಲಿ ಯಾರಿಗೂ ದುಃಖವಿರಲಿಲ್ಲ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಗುರಾಗಿ ಓಡಾಡುತ್ತಿದ್ದಳು. ಅಪ್ಪ ಅಂಗಳದಲ್ಲಿ ಬೀಡಿ ಸೇದಿದ. ಅಜ್ಜಿ ಕಟ್ಟೆಯ ಮೇಲೆ ಕೂತು ಹೋಗಿಬರುವವರಿಗೆಲ್ಲ ಹೇಳುತ್ತಿದ್ದಳು, ಸ್ವಾಮಿಗಳು ಧಾರವಾಡಕ್ಕೆ ಹೋದರು, ದೊಡ್ಡ ಮೀಟಿಂಗ್ ಅಂತ, ಅವರಿಲ್ಲದೆ ನಡೆಯುವುದಿಲ್ಲವಂತೆ, ಉಸಿರಾಡಲೂ ಪುರುಸೊತ್ತಿಲ್ಲ ಅವರಿಗೆ. ದೀಪ ಹಚ್ಚುವ ಹೊತ್ತಿಗೆ ನೀಲಕ್ಕ ಬಂದಳು. ಮಗಳನ್ನು ಕುಷ್ಟಗಿ ಬಸ್ಸಿಗೆ ಹತ್ತಿಸಿ ಬರುತ್ತಿದ್ದಳು, ಪಾದವೆಲ್ಲ ಧೂಳು. ಅಜ್ಜಿಯ ಪಕ್ಕ ಕಟ್ಟೆಯ ಮೇಲೆ ಕುಸಿದು, ನಾನು ತಂದ ನೀರು ಗಟಗಟ ಕುಡಿದು, ಬಾಯಿ ಒರೆಸಿಕೊಂಡು, ಹವೆಯ ಸುದ್ದಿ ಹೇಳುವಂತೆ ಹೇಳಿದಳು:

"ನಿಮ್ಮ ಇನಾಸಪ್ಪನ್ನ ಕಂಡ್ನೆಬೇ ಬಸ್ ಸ್ಟ್ಯಾಂಡಿನ್ಯಾಗ. ಆ ಉದ್ದನ್ನ ಅಂಗಿ ತಗದು ಚೀಲದಾಗ ತುರಕಿದ್ದ, ಹಮಾಲರ ಜೋಡಿ ನೆಲಕ್ಕ ಕುಂತು ಚೌಕಾಬಾರ ಆಡಾಕತ್ತಿದ್ದ. ಧಾರವಾಡದ ಬಸ್ ಬಂದ್ವು, ಹೋದ್ವು, ಇಂವ ಏಳವಲ್ಲ. ಒಬ್ಬಾಂವ ಇವನ ಬೆನ್ನಿಗೆ ಗುದ್ದಿ, 'ಒಗಿಲೇ ಮಗನ, ಎಷ್ಟೊತ್ತ ಹಿಡ್ಕೊಂಡ ಕುಂದರ್ತಿ' ಅಂದ. ಹಂಗ ನಕ್ಕಾನಬೇ, ಸಣ್ಣಾಂವಿದ್ದಾಗ ನಗತಿದ್ನಲ್ಲ, ಹಂಗ. ಆ ನಗಿ ಕೇಳೇ ಗುರ್ತ ಹಿಡದೆ ನೋಡು. ಇಲ್ಲಾಂದ್ರ ಯಾರೋ ಅಂತ ಮುಂದ ಹೋಗತಿದ್ದೆ."